ದಾನ ಬೇಡ, ದಾಖಲೆ ಬೇಕು



ಹೋದ ತಿಂಗಳು ಚಾಂದ್‌ಖೇಡಾದ ಒಂದು ಹೋಟೆಲಿನ ಹುಡುಗನನ್ನು ನಾವು ಊರಿನ ರೈಲು ಹತ್ತಿಸಿ ಬಂದೆವು. ವಯಸ್ಸು ಇಪ್ಪತ್ತೆರಡು. ಎರಡು ವರ್ಷ ತಟ್ಟೆ ಲೋಟ ತೊಳೆದು, ಮೂರನೆಯ ವರ್ಷ ಸಪ್ಲೈಗೆ ನಿಂತಿದ್ದ. ಮೂರು ತಿಂಗಳಿಂದ ಕೆಮ್ಮು ಬಿಟ್ಟಿರಲಿಲ್ಲ. ಕಫ ಪರೀಕ್ಷೆಯಾದಾಗ ಕ್ಷಯವೆಂದು ತಿಳಿಯಿತು. ಗಿರಾಕಿಗಳ ಕಿವಿಗೆ ಬಿದ್ದರೆ ವ್ಯಾಪಾರ ಕೆಡುವುದೆಂದು ಯಜಮಾನರಿಗೆ ಭಯ. ಬಾಕಿ ಪಗಾರ ಚುಕ್ತಾ ಮಾಡಿ, ಮೇಲೆ ಎರಡು ಸಾವಿರ ರೂಪಾಯಿ ಕೈಯಲ್ಲಿಟ್ಟು, “ಊರಿಗೆ ಹೋಗಿ ಗುಣವಾಗಿ ಬಾ ತಮ್ಮಾ” ಎಂದರು. ಹಾಗೆನ್ನುವಾಗ ಅವರ ಕಣ್ಣಲ್ಲಿ ನೀರಿತ್ತು. ಅದು ಸುಳ್ಳಿನ ನೀರೆಂದು ನಾವು ಹೇಳಲಾರೆವು. ಆ ಯಜಮಾನರು ನಮ್ಮ ಕಡೆಯವರೇ. ನಮ್ಮ ಸಂಘದ ಗಣೇಶ ಹಬ್ಬಕ್ಕೆ ವರ್ಷ ತಪ್ಪದೆ ಊಟ ಹಾಕಿಸುವವರು.

ಆದರೂ ಅನ್ಯಾಯ ಅನ್ಯಾಯವೇ. ಅದರ ಲೆಕ್ಕವನ್ನು ಇಲ್ಲಿ ಬರೆಯುತ್ತೇವೆ. ಓದು ಬಂದವರು ಬಾರದವರಿಗೆ ಓದಿ ಹೇಳಬೇಕು.

ಆ ಹೋಟೆಲಿನಲ್ಲಿ ದುಡಿಯುವವರು ಹದಿನೆಂಟು ಮಂದಿ. ಹಾಜರಿ ಪುಸ್ತಕದಲ್ಲಿರುವ ಹೆಸರು ಒಂಬತ್ತು. ಒಂಬತ್ತೇ ಏಕೆ? ಹತ್ತು ಮಂದಿಯಾದರೆ ನೌಕರರ ರಾಜ್ಯ ವಿಮೆ, ಅಂದರೆ ನಾವು ಇ.ಎಸ್.ಐ. ಎನ್ನುವುದು, ಬಾಗಿಲಿಗೆ ಬರುತ್ತದೆ. ಹುಡುಗನ ಪಗಾರ 15,000 ರೂಪಾಯಿ. ಅವನ ಹೆಸರು ಇ.ಎಸ್.ಐ.ಯಲ್ಲಿದ್ದಿದ್ದರೆ ತಿಂಗಳಿಗೆ ಅವನಿಂದ ಶೇಕಡಾ 0.75ರಂತೆ 113 ರೂಪಾಯಿ, ಯಜಮಾನರಿಂದ ಶೇಕಡಾ 3.25ರಂತೆ 488 ರೂಪಾಯಿ ಹೋಗುತ್ತಿತ್ತು. ಅದಕ್ಕೆ ಪ್ರತಿಯಾಗಿ, ನೌಕರಿಗೆ ಸೇರಿದ ದಿನದಿಂದಲೇ ಅವನಿಗೂ ಅವನನ್ನು ನಂಬಿದ ತಾಯಿಗೂ ವೈದ್ಯ ಸಹಾಯ. ಕಾಯಿಲೆ ಬಿದ್ದರೆ ದಿನಗೂಲಿಯ ಶೇಕಡಾ 70ರಂತೆ ವರ್ಷದಲ್ಲಿ 91 ದಿನದವರೆಗೆ ಹಣ; ದಿನಕ್ಕೆ 350 ರೂಪಾಯಿಯಂತೆ 31,850. ಕ್ಷಯದಂಥ ದೀರ್ಘ ರೋಗಕ್ಕೆ, ಎರಡು ವರ್ಷ ಎಡೆಬಿಡದೆ ದುಡಿದು ವಂತಿಗೆ ಸರಿಯಾಗಿ ತುಂಬಿದ್ದವನಿಗೆ, ಶೇಕಡಾ 80ರಂತೆ ಎರಡು ವರ್ಷದವರೆಗೂ ಸಿಗುವ ಏರ್ಪಾಡಿದೆ. ಇಷ್ಟೆಲ್ಲ ಅವನ ಹಕ್ಕಾಗಿತ್ತು. ಅವನಿಗೆ ದೊರೆತದ್ದು ಎರಡು ಸಾವಿರ ರೂಪಾಯಿ ಮತ್ತು ಕಣ್ಣೀರು.

ಇನ್ನೊಂದು ಸಂಗತಿ. ಅವನು ಮಲಗುತ್ತಿದ್ದುದು ಅಡಿಗೆಮನೆಯ ಮೇಲಿನ ಅಟ್ಟದಲ್ಲಿ. ಕಿಟಕಿಯಿಲ್ಲದ ಆ ಅಟ್ಟದಲ್ಲಿ ಮಲಗುವವರು ಹತ್ತು ಮಂದಿ. ಹುಡುಗನನ್ನು ಕಳಿಸಿದ ಮೇಲೆ ಉಳಿದ ಒಂಬತ್ತು ಜನರ ಪರೀಕ್ಷೆಯನ್ನು ಯಾರೂ ಮಾಡಿಸಲಿಲ್ಲ. ಕೊನೆಗೆ ಸಂಘದಿಂದ ನಾವೇ ಸರಕಾರಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆವು. ಪರೀಕ್ಷೆಗೆ ಕಾಸು ಬೇಕಿಲ್ಲ, ಕ್ಷಯದ ಮದ್ದಿಗೂ ಕಾಸು ಬೇಕಿಲ್ಲ. ಪೌಷ್ಟಿಕ ಆಹಾರಕ್ಕೆಂದು ರೋಗಿಗೆ ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರಿನಿಂದ 1,000ಕ್ಕೆ ಏರಿಸಿದ್ದಾರೆ. ಮದ್ದಿದೆ, ಆಸ್ಪತ್ರೆಯಿದೆ, ಕಾನೂನಿದೆ. ಇಲ್ಲದಿರುವುದು ನಮ್ಮ ಹೆಸರು ಮಾತ್ರ.

ದಾನಕ್ಕೂ ಹಕ್ಕಿಗೂ ಇರುವ ಅಂತರವನ್ನು ಈ ಅಹಮದಾಬಾದ್ ನಗರವೇ ನಮಗೆ ಕಲಿಸಿದೆ. 1917ರಲ್ಲಿ ಇಲ್ಲಿ ಪ್ಲೇಗು ಬಂತು. ಕೂಲಿಗಾರರು ಊರು ಬಿಟ್ಟು ಓಡಿದರೆ ಮಗ್ಗ ನಿಲ್ಲುವುದೆಂದು ಮಿಲ್ಲಿನ ಶೇಠರು ‘ಪ್ಲೇಗು ಬೋನಸ್’ ಕೊಟ್ಟರು. ಪ್ಲೇಗು ಇಳಿಯಿತು; 1918ರ ಆರಂಭದಲ್ಲಿ ಬೋನಸ್ಸೂ ನಿಂತಿತು. ಬೆಲೆಗಳು ಮಾತ್ರ ಇಳಿದಿರಲಿಲ್ಲ. ಆಗ ನೇಕಾರರು ಎದ್ದರು. ಗಾಂಧೀಜಿ ಶೇಕಡಾ 35ರ ಹೆಚ್ಚಳ ನ್ಯಾಯವೆಂದರು, ಉಪವಾಸ ಕುಳಿತರು. ಕೊನೆಗೆ ಪಂಚರ ತೀರ್ಪಿನಲ್ಲಿ ಆ 35 ದೊರೆಯಿತು. 1920ರಲ್ಲಿ ಮಜೂರ್ ಮಹಾಜನ್ ಸಂಘ ಹುಟ್ಟಿತು. ಆ ಹೋರಾಟದಲ್ಲಿ ಕೂಲಿಗಾರರ ಪಕ್ಷ ನಿಂತವರು ಅನಸೂಯಾ ಸಾರಾಭಾಯಿ. ಎದುರು ಪಕ್ಷದ ಮುಂದಾಳು ಅವರ ಸ್ವಂತ ತಮ್ಮ, ಮಿಲ್ಲಿನ ಮಾಲಿಕ ಅಂಬಾಲಾಲ್ ಸಾರಾಭಾಯಿ. ಅಕ್ಕ ತಮ್ಮನನ್ನು ದ್ವೇಷಿಸಲಿಲ್ಲ. ತಮ್ಮನೆಂದು ನ್ಯಾಯವನ್ನೂ ಬಿಡಲಿಲ್ಲ.

ಯಜಮಾನರು ನಮ್ಮ ಜಿಲ್ಲೆಯವರು, ನಮ್ಮ ಮಾತಿನವರು, ಅವರನ್ನು ಹೇಗೆ ಕೇಳುವುದು ಎಂದು ಹಿಂಜರಿಯುವ ಗೆಳೆಯರು ಇದನ್ನು ನೆನೆಯಲಿ. ಒಡಹುಟ್ಟಿದವರ ನಡುವೆಯೇ ಕೇಳಬಹುದಾದರೆ ಒಂದು ಊರಿನವರ ನಡುವೆ ಕೇಳಲಾಗದೆ? ಮಾಲಿಕನಿಗೆ ಅಗತ್ಯವಿರುವಷ್ಟು ದಿನ ಮಾತ್ರ ಬಾಳುವುದು ಬೋನಸ್. ನಮಗೆ ಅಗತ್ಯವಿರುವಷ್ಟು ದಿನವೂ ಬಾಳುವುದು ಹಕ್ಕು.

ಇನ್ನು, ರೋಗ ಎಲ್ಲರಿಗೂ ಬರುತ್ತದೆ, ಅದಕ್ಕೆ ಬಡವ ಬಲ್ಲಿದ ಭೇದವಿಲ್ಲ ಎಂದು ಹೇಳುವವರಿದ್ದಾರೆ. ಈ ಮಾತು ಅರ್ಧ ಸತ್ಯ. ಮಿಲ್ಲಿನಲ್ಲಿ ದುಡಿದ ನಮ್ಮ ಹಿರಿಯರನ್ನು ಕೇಳಿ. ಹತ್ತಿಯ ಧೂಳು ಎದೆಗಿಳಿದು, ರಜೆ ಮುಗಿಸಿ ಮತ್ತೆ ಕೆಲಸಕ್ಕೆ ನಿಂತ ದಿನವೇ ಎದೆ ಬಿಗಿಯುತ್ತದೆ. ವೈದ್ಯರು ಇದನ್ನು ಬಿಸಿನೋಸಿಸ್ ಎನ್ನುವರು. ದುಡಿಮೆಯಿಂದ ಬರುವ ರೋಗಗಳ ಕಾನೂನಿನ ಪಟ್ಟಿಯಲ್ಲಿ ಅದೂ ಸೇರಿದೆ. ಇಂಥ ರೋಗಗಳ ಶೋಧನೆಗೆಂದು 1966ರಲ್ಲಿ ಈ ಅಹಮದಾಬಾದಿನಲ್ಲಿಯೇ ಸಂಸ್ಥೆಯೊಂದು ಪ್ರಾರಂಭವಾಯಿತು. ಅದೇ ಈಗಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ. ಆದರೆ ಧೂಳು ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ಹತ್ತಿ ಬಿಡಿಸುವ, ಹಿಂಜುವ, ನೂಲುವ ಕಡೆ ಧೂಳು ಹೆಚ್ಚು, ಪಗಾರ ಕಡಿಮೆ. ನೇಯ್ಗೆಯ ಕಡೆ ಪಗಾರ ಹೆಚ್ಚು. ಲಾಳಿಗೆ ನೂಲನ್ನು ಬಾಯಿಂದ ಎಳೆಯಬೇಕು, ಎಂಜಲಾಗುತ್ತದೆ ಎಂಬ ನೆಪ ಹೇಳಿ ದಲಿತ ಕೂಲಿಗಾರರನ್ನು ನೇಯ್ಗೆ ಖಾತೆಯೊಳಗೆ ಬಿಡುತ್ತಿರಲಿಲ್ಲ. ಅಹಮದಾಬಾದಿನಲ್ಲಿಯೂ ಅವರು ಹೆಚ್ಚಾಗಿ ನೂಲುವ ಖಾತೆಯಲ್ಲಿಯೇ ಉಳಿದರು. 1928ರ ಮುಂಬಯಿ ಮಿಲ್ ಮುಷ್ಕರದ ಕಾಲದಲ್ಲಿ ಡಾಕ್ಟರ್ ಅಂಬೇಡ್ಕರರು ಈ ಬಾಗಿಲು ತೆರೆಯಲೇಬೇಕೆಂದು ಪಟ್ಟು ಹಿಡಿದರು. ಯಾರ ಎದೆಗೆ ಧೂಳು ಎಂಬುದನ್ನು ಹಣೆಬರಹ ಬರೆಯಲಿಲ್ಲ, ಜಾತಿ ಬರೆಯಿತು ಎಂಬುದು ಇದರಿಂದ ಸ್ಪಷ್ಟ.

ಮಿಲ್ಲಿನ ಮಾತಾಯಿತು. ನಮ್ಮ ಹೋಟೆಲುಗಳಲ್ಲಿ ಏನಿದೆ? ಗಲ್ಲಾದಲ್ಲಿ ಯಾರು, ಕಾವಲಿಯ ಮುಂದೆ ಯಾರು, ಹಿತ್ತಲಿನ ನೀರಿನಲ್ಲಿ ಕಾಲು ನೆನೆಸಿಕೊಂಡು ತಟ್ಟೆ ಉಜ್ಜುವವರು ಯಾರು? ಬೆರಳ ಸಂದಿ ಕೊಳೆತು ಸುಲಿಯುವುದು ಯಾರದು? ಈಗ ಆ ಜಾಗದಲ್ಲಿ ನಮ್ಮ ಹುಡುಗರ ಜೊತೆಗೆ ರಾಜಸ್ಥಾನದವರೂ ದಾಹೋದ್ ಕಡೆಯ ಆದಿವಾಸಿ ಹುಡುಗರೂ ಇದ್ದಾರೆ. ಅವರನ್ನು ನಾವು ಸಂಘಕ್ಕೆ ಕರೆದಿದ್ದೇವೆಯೆ? ನಮ್ಮ ಸದಸ್ಯರ ಪಟ್ಟಿಯಲ್ಲಿ ಭಟ್ಟರು, ಸಪ್ಲೈಯರುಗಳು ಬೇಕಾದಷ್ಟು, ತೊಳೆಯುವವರು ಬೆರಳೆಣಿಕೆ. ಹೋದ ವರ್ಷ ವೈದ್ಯ ನಿಧಿಯನ್ನು ಸಮಪಾಲೆಂದು ತಲೆಗೆ ಐನೂರರಂತೆ ಹಂಚಿ ಕೈ ತೊಳೆದುಕೊಂಡೆವು. ಆರೋಗ್ಯವಾಗಿದ್ದವರಿಗೂ ಐನೂರು, ರಕ್ತ ಕೆಮ್ಮುವವರಿಗೂ ಐನೂರು! ಅದು ನ್ಯಾಯವಲ್ಲ. ಯಾರಿಗೆ ಕಷ್ಟ ಹೆಚ್ಚೋ ಅವರಿಗೆ ಮೊದಲು, ಅವರಿಗೆ ಹೆಚ್ಚು. ಸಾಮಾಜಿಕ ನ್ಯಾಯವೆಂದರೆ ಇಷ್ಟೇ. ಈ ತಪ್ಪು ನಮ್ಮದು, ಒಪ್ಪಿಕೊಳ್ಳುತ್ತೇವೆ.

ಬಿಸಿಲಿನ ಸಂಗತಿಯೂ ಹೀಗೆಯೇ. 2010ರ ಮೇ ತಿಂಗಳಲ್ಲಿ ಈ ನಗರದ ಬಿಸಿಲು 46.8 ಡಿಗ್ರಿಗೆ ಏರಿತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಮಂದಿ ಹೆಚ್ಚಾಗಿ ತೀರಿಕೊಂಡರೆಂದು ಶೋಧಕರು ಲೆಕ್ಕ ಹಾಕಿದರು. ಆಮೇಲೆ 2013ರಲ್ಲಿ ನಗರಪಾಲಿಕೆ ಬಿಸಿಲಿನ ಕಾರ್ಯಯೋಜನೆಯನ್ನು ಜಾರಿಗೆ ತಂದಿತು. ದೇಶದಲ್ಲಿಯೇ ಅದು ಮೊದಲನೆಯದು. ಒಳ್ಳೆಯ ಕೆಲಸ. ಆದರೆ ನೆರಳಿನಲ್ಲಿರಿ, ನೀರು ಕುಡಿಯಿರಿ ಎಂಬ ಸೂಚನೆ ಬೀದಿಯವರೆಗೆ ಬಂದಿದೆ, ಅಡಿಗೆಮನೆಯೊಳಗೆ ಬಂದಿಲ್ಲ. ಹೊರಗೆ 45 ಡಿಗ್ರಿ ಇರುವಾಗ ಭಟ್ಟಿಯ ಮುಂದೆ ಎಷ್ಟಿರಬಹುದು? ಅಳೆದವರು ಯಾರೂ ಇಲ್ಲ. ಚಾಂದ್‌ಖೇಡಾದ ಒ.ಎನ್.ಜಿ.ಸಿ. ನೌಕರರಿಗೆ ಕಂಪೆನಿಯ ವೈದ್ಯ ಸೌಲಭ್ಯವಿದೆ, ಇರಲಿ, ಸಂತೋಷ. ಅದೇ ರಸ್ತೆಯಲ್ಲಿ ಅವರಿಗೆ ಇಡ್ಲಿ ಕೊಡುವ ಕೈಗೆ ಸುಟ್ಟ ಗಾಯವಾದರೆ ಹಚ್ಚಲು ಹೋಟೆಲಿನ ತುಪ್ಪವೇ ಗತಿ.

ಸರಕಾರ ಏನೂ ಮಾಡಲಿಲ್ಲ ಎಂದು ನಾವು ಹೇಳುವುದಿಲ್ಲ. ಅಂಬೇಡ್ಕರರು ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದಾಗ, 1944ರಲ್ಲಿ, ಅದಾರ್ಕರ್ ಎಂಬ ವಿದ್ವಾಂಸರು ಕೂಲಿಗಾರರ ಆರೋಗ್ಯ ವಿಮೆಯ ವರದಿ ಕೊಟ್ಟರು. 1948ರಲ್ಲಿ ಕಾನೂನಾಯಿತು. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಪಂಡಿತ ನೆಹರೂ ಇ.ಎಸ್.ಐ.ಯನ್ನು ಉದ್ಘಾಟಿಸಿದರು. ಮಿಲ್ಲಿನವರಿಗೆ ಅದರಿಂದ ಉಪಕಾರವಾಯಿತು. ಆದರೆ 1980 ಮತ್ತು 90ರ ದಶಕಗಳಲ್ಲಿ ಇಲ್ಲಿನ ಮಿಲ್ಲುಗಳು ಒಂದೊಂದಾಗಿ ಮುಚ್ಚಿದಾಗ ಪಗಾರದ ಜೊತೆಗೆ ಇ.ಎಸ್.ಐ. ಚೀಟಿಯೂ ಹೋಯಿತು. ಎದೆಯ ಧೂಳು ಮಾತ್ರ ಹೋಗಲಿಲ್ಲ. ನೌಕರಿ ಇದ್ದವರಿಗಷ್ಟೇ ಕಟ್ಟಿದ ಗೋಡೆಯ ಹೊರಗೆ ಎಷ್ಟು ಜನ ನಿಲ್ಲಬೇಕಾಗುತ್ತದೆ ಎಂಬುದನ್ನು ಈ ಊರು ಕಂಡಿದೆ. 1972ರಲ್ಲಿ ಇಲಾ ಭಟ್ಟರು ತಲೆಹೊರೆಯ, ಕೈಗಾಡಿಯ ಹೆಂಗಸರ ‘ಸೇವಾ’ ಸಂಘ ಕಟ್ಟಿದಾಗ, ಮಾಲಿಕನೇ ಇಲ್ಲದವರಿಗೆ ಎಂಥ ಸಂಘ ಎಂದು ಸರಕಾರಿ ಕಚೇರಿಯವರೇ ಆಕ್ಷೇಪಿಸಿದ್ದರು. ಆ ತಾಯಂದಿರು ಬಿಡಲಿಲ್ಲ, ಸಂಘ ದಾಖಲಾಯಿತು. ಮಾಲಿಕರೇ ಇಲ್ಲದವರು ದಾಖಲೆ ಪಡೆದರೆಂದ ಮೇಲೆ, ಮಾಲಿಕರಿರುವ ನಾವು ಪಡೆಯಲಾರೆವೆ?

ನಮ್ಮ ಕೆಲವು ಗೆಳೆಯರು ಹೇಳುವುದಿದೆ: “ಇ.ಎಸ್.ಐ. ದವಾಖಾನೆಯಲ್ಲಿ ಸಾಲು ಉದ್ದ, ಅರ್ಧ ದಿನ ಹಾಳು, ಗುಜರಾತಿ ಬಾರದವನನ್ನು ಯಾರೂ ಕೇಳುವುದಿಲ್ಲ.” ಇದರಲ್ಲಿ ಹುರುಳಿಲ್ಲವೆಂದಲ್ಲ. ಸಾಲು ಉದ್ದವೆಂದು ಸಾಲನ್ನೇ ಬಿಟ್ಟರೆ ನಮ್ಮ ಪಾಲಿನ ಮದ್ದು ಬೇರೆಲ್ಲಿದೆ? ಹೆಸರಿದ್ದವನು ದೂರು ಕೊಡಬಹುದು. ಹೆಸರಿಲ್ಲದವನು ಎಲ್ಲಿ ದೂರುವುದು? ಮಾಲಿಕರು ಹೇಳುವರು: “ಬಾಡಿಗೆ ಏರಿದೆ, ಎಣ್ಣೆ ಏರಿದೆ, ಎಲ್ಲಿಂದ ತರಲಿ?” ಅವರ ಕಷ್ಟವೂ ನಮಗೆ ತಿಳಿದದ್ದೇ. ಆದರೆ ಒಬ್ಬ ಕೆಲಸಗಾರನಿಗೆ ತಿಂಗಳಿಗೆ 488 ರೂಪಾಯಿಯೆಂದರೆ ನಾಲ್ಕೈದು ಮಸಾಲೆ ದೋಸೆಯ ಬೆಲೆ. ವರ್ಷವಿಡೀ ಸಾವಿರಾರು ದೋಸೆ ಹೊಯ್ಯುವವನ ಎದೆಗಾಗಿ ತಿಂಗಳಿಗೆ ಐದು ದೋಸೆ ಹೆಚ್ಚೆ?

ಆದುದರಿಂದ ನಮ್ಮ ಬೇಡಿಕೆ ಹೀಗಿದೆ. ಮೊದಲನೆಯದು, ಹತ್ತು ಮತ್ತು ಹತ್ತಕ್ಕೆ ಮೇಲ್ಪಟ್ಟು ಜನ ದುಡಿಯುವ ಪ್ರತಿಯೊಂದು ಹೋಟೆಲಿನಲ್ಲಿ ಎಲ್ಲರ ಹೆಸರೂ ಹಾಜರಿ ಪುಸ್ತಕಕ್ಕೆ ಬರಲಿ. ತೊಳೆಯುವವನ ಹೆಸರು ಮೊದಲು ಬರಲಿ. ಒಮ್ಮೆ ಕಾನೂನಿನೊಳಗೆ ಬಂದ ಹೋಟೆಲು ಆಮೇಲೆ ಒಂಬತ್ತಕ್ಕೆ ಇಳಿದರೂ ಹೊರಗೆ ಹೋಗಲಾರದು. ಎರಡನೆಯದು, ಹತ್ತಕ್ಕಿಂತ ಕಡಿಮೆ ಜನರಿರುವ ಚಿಕ್ಕ ಹೋಟೆಲುಗಳ ಮಾತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ, ಮಾಲಿಕರೂ ಬಹುಪಾಲು ನೌಕರರೂ ಒಪ್ಪಿದರೆ ಅವರೂ ಸೇರಬಹುದು. ಒಪ್ಪಿಸುವ ಕೆಲಸ ಸಂಘದ್ದು. ಮೂರನೆಯದು, ಬಿಸಿಲು 45 ಡಿಗ್ರಿ ಮುಟ್ಟಿದ ದಿನ ಭಟ್ಟಿಯ ಮುಂದಿನವರಿಗೆ ಸರದಿಯ ಮೇಲೆ ಒಂದು ಗಂಟೆ ಬಿಡುವು, ಉಪ್ಪು ಹಾಕಿದ ಮಜ್ಜಿಗೆ, ಹೊಗೆ ಹೀರುವ ಫ್ಯಾನು. ನಾಲ್ಕನೆಯದು, ಮಲಗುವ ಅಟ್ಟಕ್ಕೆ ಕಿಟಕಿ. ಐದನೆಯದು ನಮಗೆ ನಾವೇ ಹಾಕಿಕೊಂಡ ಕಟ್ಟಳೆ: ವೈದ್ಯ ನಿಧಿಯನ್ನು ಇನ್ನು ತಲೆಗಿಷ್ಟೆಂದು ಹಂಚಕೂಡದು, ಗುಜರಾತಿ ಬಲ್ಲ ಒಬ್ಬ ಸದಸ್ಯನಿಗೆ ವಾರಕ್ಕೊಂದು ದಿನದ ಕೂಲಿ ಕೊಟ್ಟು, ರೋಗಿಗಳ ಜೊತೆ ದವಾಖಾನೆಗೆ ಕಳಿಸಬೇಕು.

ಇದನ್ನು ಕೇಳಲು ಒಬ್ಬೊಬ್ಬರೇ ಹೋಗಬೇಡಿ. ಒಬ್ಬನಾಗಿ ಹೋದವನ ಗಂಟುಮೂಟೆ ಅಂದೇ ಬೀದಿಗೆ ಬರುವುದನ್ನು ಕಂಡಿದ್ದೇವೆ. ಹದಿನೆಂಟು ಮಂದಿಯೂ ಒಟ್ಟಿಗೆ ಹೋದರೆ ಅಂದು ದೋಸೆ ಹೊಯ್ಯುವವರು ಯಾರು? ಜಗಳ ಬೇಕಿಲ್ಲ, ಬೈಗಳು ಬೇಕಿಲ್ಲ. ಕೈಮುಗಿದು ಹೇಳಿ, ತಲೆ ತಗ್ಗಿಸದೆ ಹೇಳಿ. ಗಣೇಶ ಹಬ್ಬದ ಊಟವನ್ನು ಈ ಸಲ ನಾವೇ ವಂತಿಗೆ ಎತ್ತಿ ಮಾಡೋಣ. ಮಾಲಿಕರು ಅತಿಥಿಗಳಾಗಿ ಬರಲಿ, ನಮ್ಮ ಪಂಕ್ತಿಯಲ್ಲೇ ಕುಳಿತು ಉಣ್ಣಲಿ.

ಮೊನ್ನೆ ಆ ಹುಡುಗ ಊರಿನಿಂದ ಫೋನು ಮಾಡಿದ್ದ. ಮದ್ದು ತಪ್ಪಿಸದೆ ತೆಗೆದುಕೊಳ್ಳುತ್ತಿದ್ದಾನೆ. ಜ್ವರ ಇಳಿದಿದೆ. ಕೊನೆಗೆ, “ಅಣ್ಣಾ, ನನ್ನ ಕೆಲಸ ಉಂಟಾ?” ಎಂದು ಕೇಳಿದ. ಉಂಟು ಎನ್ನುವ ಧೈರ್ಯ ನಮಗಾಗಲಿಲ್ಲ. ಬರುವ ಸೋಮವಾರ ರಾತ್ರಿ ಷಟರು ಇಳಿದ ಮೇಲೆ ಸಂಘದ ಕೋಣೆಯಲ್ಲಿ ಸಭೆ ಸೇರುವುದು. ಅವನಿಗೆ ಏನೆಂದು ಉತ್ತರ ಹೇಳಬೇಕೆಂಬುದನ್ನು ಅಲ್ಲಿ ಎಲ್ಲರೂ ಕುಳಿತು ತೀರ್ಮಾನಿಸೋಣ. ತೊಳೆಯುವ ಹುಡುಗರನ್ನು ಕರೆದುಕೊಂಡೇ ಬನ್ನಿ.