ಬಣ್ಣಕ್ಕದ್ದದ ಪಟ್ಟೆ



ಉಡಿಗೆತೊಡಿಗೆಗಳನ್ನು ಕುರಿತು ಬರೆಯುವುದು ನಿವೃತ್ತನಾದ ಉಪಾಧ್ಯಾಯನಿಗೆ ತಕ್ಕ ಕೆಲಸವಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಕಳೆದ ವೈಶಾಖದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ನನಗೆ ಪಾಠ ಹೇಳಿತು. ಅದನ್ನು ಮುಚ್ಚಿಡದೆ ಒಪ್ಪಿಸುವುದೇ ಲೇಸು.

ಮಗನ ವಿವಾಹಕ್ಕೆಂದು ಸೀರೆಗಳನ್ನು ತಂದು ಹರಡಿದ್ದೆವು. ಕೆಂಪು, ನೇರಳೆ, ಮಾವಿನ ಚಿಗುರು ಎಲ್ಲವೂ ಇದ್ದುವು. ಕಳಸ ಹಿಡಿಯಬೇಕಾದ ನನ್ನ ಮಗಳು ಅವೊಂದನ್ನೂ ಮುಟ್ಟಲಿಲ್ಲ. ತಾನು ಬೇರೆಯಾಗಿ ತಂದಿದ್ದ ಒಂದು ಸೀರೆಯನ್ನು ತೋರಿಸಿದಳು. ಅದು ಬಣ್ಣಕ್ಕದ್ದದ ಪಟ್ಟೆ, ಜರಿಯಿಲ್ಲ, ಬೆರಳಗಲದ ಕಂದು ಅಂಚು. ನಾನು ಒಡನೆಯೇ, “ಮಂಗಳಕಾರ್ಯದಲ್ಲಿ ವರನ ತಂಗಿ ಇಂತಹ ಸಪ್ಪೆ ಸೀರೆಯನ್ನುಟ್ಟರೆ ಜನ ಏನೆಂದಾರು?” ಎಂದು ಗದರಿದೆನು. ಅವಳು, “ಅಪ್ಪಾ, ನನಗೆ ಮೆಲ್ಲನೆ ಮಾತನಾಡುವುದು ಇಷ್ಟ. ಸೀರೆಯೂ ಹಾಗೆಯೇ ಇರಲಿ” ಎಂದಳು.

ನಾನು ಮತ್ತೆ ಬಾಯ್ದೆರೆಯುವಷ್ಟರಲ್ಲಿ, ಗೋಡೆಗೊರಗಿ ಕುಳಿತಿದ್ದ ನನ್ನ ತಂಗಿ ಮಾತನಾಡಿದಳು. ಅವಳ ಯಜಮಾನರು ತೀರಿ ಇಪ್ಪತ್ತು ವರ್ಷಗಳಾಗುತ್ತ ಬಂದಿವೆ. ಅಂದಿನಿಂದ ಅವಳು ಉಡುತ್ತಿದ್ದುದು ಮಾಸಲು ಬೂದಿ, ಮಾಸಲು ಬಿಳುಪು ಇಷ್ಟೇ. “ಅಣ್ಣಾ, ನನಗೆ ಈ ಬಣ್ಣಗಳನ್ನು ಉಡಿಸಿದವರು ನೀವೆಲ್ಲ. ಆಗ ಜನ ಏನೆಂದಾರು ಎಂದು ಯಾರೂ ಕೇಳಲಿಲ್ಲ. ಅವಳು ತಾನೇ ಆರಿಸಿಕೊಂಡಿದ್ದಾಳೆ. ಎರಡೂ ಒಂದೇ ಅಲ್ಲ” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ನಾನು ಬಹಳ ಹೊತ್ತು ಯೋಚಿಸಿದೆನು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾದುದು. ಕನಕಪುರ, ಚನ್ನಪಟ್ಟಣ, ಮಾಗಡಿಗಳ ರೈತರು ಗೂಡು ತಂದು ಸುರಿಯುವುದನ್ನು ನಾನು ಬಾಲ್ಯದಿಂದ ಕಂಡವನು. ಮಿಶ್ರತಳಿಯ ಗೂಡು ಹಳದಿ, ದ್ವಿತಳಿಯದು ಬಿಳಿ. ಆದರೆ ಆ ಹಳದಿಯು ನೂಲಿನದಲ್ಲ. ನೂಲನ್ನು ಸುತ್ತಿಕೊಂಡಿರುವ ಅಂಟಿನದು. ಬಿಚ್ಚಿದ ನೂಲನ್ನು ಸೋಪಿನ ನೀರಿನಲ್ಲಿ ಕುದಿಸಿದರೆ ಅಂಟು ಕರಗುವುದು. ತೂಕದಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಇಳಿಯುವುದು. ಕೆನೆಹಾಲಿನ ಬಣ್ಣದ ನುಣುಪಾದ ಎಳೆ ಉಳಿಯುವುದು. ಪಟ್ಟೆಗೆ ಹೊಳಪು ಬರುವುದೂ ಆಗಲೇ. ಬಣ್ಣದ ಕಡಾಯಿಯ ಸರದಿ ಆಮೇಲಿನದು. ಹಾಗಾದರೆ ನಾನು ಸಪ್ಪೆಯೆಂದು ಜರೆದುದು ಪಟ್ಟೆಯ ಸ್ವಂತ ಬಣ್ಣವನ್ನೇ ಅಲ್ಲವೆ?

ನಮ್ಮ ಹಿರಿಯರ ಕಣ್ಣು ನನ್ನ ಕಣ್ಣಿನಷ್ಟು ಒರಟಾಗಿರಲಿಲ್ಲ. ಅಮರಕೋಶದಲ್ಲಿ ಬಿಳುಪಿಗೆ ಹತ್ತಕ್ಕೂ ಮಿಕ್ಕ ಹೆಸರುಗಳಿವೆ. ಹಳದಿ ಬೆರೆತ ಬಿಳುಪು ಪಾಂಡು. ಅದೇ ತುಸು ತಗ್ಗಿದರೆ ಧೂಸರ. ಮಕ್ಕಳಿಗೆ ಈ ಶಬ್ದಗಳನ್ನು ಬಾಯಿಪಾಠ ಮಾಡಿಸಿದ ನಾನು ಬಟ್ಟೆಯ ಮೇಲೆ ಅವುಗಳನ್ನು ಗುರುತಿಸದೆ ಹೋದೆನು. ನಮ್ಮ ಸೀಮೆಯಾದರೂ ಎಂತಹದು? ರಾಮದೇವರ ಬೆಟ್ಟದ ಬಂಡೆ, ಸಾವನದುರ್ಗದ ಏಕಶಿಲೆ, ಕೊಯ್ದ ರಾಗಿಯ ಹೊಲ, ಎಲ್ಲವೂ ಬೂದು, ಕಂದು, ಹುಲ್ಲುಬಣ್ಣಗಳೇ. ಇವುಗಳನ್ನು ನಾವು ಸಪ್ಪೆಯೆನ್ನುವುದಿಲ್ಲ. ಅಮಂಗಳವೆನ್ನೋಣವೆಂದರೆ, ಎಷ್ಟೋ ಮನೆತನಗಳಲ್ಲಿ ಧಾರೆಯ ಸೀರೆಯೇ ಕೆಂಪಂಚಿನ ಬಿಳಿ ಸೀರೆ.

ಹೀಗೆಂದು ನಾನು ಗಾಢವರ್ಣಗಳ ವೈರಿಯಲ್ಲ. ಆಲೆಮರದ ಬೆಳ್ಳನೆಯ ತುಂಡಿಗೆ ಅರಗಿನ ಕೆಂಪು ಹಳದಿಗಳನ್ನು ಹತ್ತಿಸಿ ಮಿನುಗಿಸುವ ಚನ್ನಪಟ್ಟಣದ ಬೊಂಬೆಯನ್ನು ಯಾರು ತಾನೆ ಮೆಚ್ಚರು? ಹಾಡುವವರು ಹಾಡಲಿ. ಆದರೆ ಮೆಲುದನಿಯವರನ್ನು ಮೂಕರೆಂದು ತಿಳಿಯಬಾರದು.

ತಿಳಿವಣ್ಣವನ್ನು ಬಯಸುವ ಗೃಹಿಣಿಯರಿಗೆ ಮಗಳಿಂದ ಕಲಿತ ಎರಡು ಮಾತುಗಳನ್ನು ಹೇಳುವೆನು. ಇಂತಹ ಉಡಿಗೆಯಲ್ಲಿ ಕಣ್ಣು ಬಣ್ಣವನ್ನು ಬಿಟ್ಟು ನೆಯ್ಗೆಯನ್ನು ನೋಡುವುದು. ಆದುದರಿಂದ ಬಟ್ಟೆ ಒಳ್ಳೆಯದಿರಬೇಕು, ನಿರಿಗೆ ಅಚ್ಚುಕಟ್ಟಾಗಿರಬೇಕು. ಕೆನೆ, ಕಂದು, ಬೂದಿ ಎಂದು ಎರಡು ಮೂರು ಛಾಯೆಗಳನ್ನು ಜೊತೆಗೂಡಿಸಿದರೆ ಒಂದು ರವಿಕೆಯು ನಾಲ್ಕು ಸೀರೆಗಳಿಗೆ ಒಪ್ಪುವುದು, ಖರ್ಚೂ ಮಿತವಾಗುವುದು. ಕಲೆ ಬೇಗ ಕಾಣುವುದೆಂಬುದು ನಿಜ. ಪಟ್ಟೆಯನ್ನು ಅಂಟುವಾಳದ ನೀರಿನಲ್ಲಿ ಹದವಾಗಿ ಒಗೆದು ನೆರಳಿನಲ್ಲಿ ಒಣಗಿಸಬೇಕು.

ವಿವಾಹದ ದಿನ ಮಗಳು ತನ್ನ ಕೆನೆಬಣ್ಣದ ಸೀರೆಯನ್ನುಟ್ಟು ಕಳಸ ಹಿಡಿದಳು. ಜನ ಏನೆಂದರು? ಇಬ್ಬರು ಮೂವರು ಕೇಳಿದರು. ಊಟದ ಹೊತ್ತಿಗೆ ಮರೆತರು. ನನಗಾದರೋ ಅಂದು ಸೀರೆಗಿಂತ ಅವಳ ಮುಖವೇ ಹೆಚ್ಚಾಗಿ ಕಂಡಿತು.

ಇನ್ನು ನನ್ನ ತಂಗಿಯ ಸಂಗತಿ. ಆ ರಾತ್ರಿಯ ಮರುದಿನವೇ ನಾನು ಸಂಕೋಚದಿಂದ, “ನಿನಗೆ ಯಾವ ಬಣ್ಣ ಬೇಕಮ್ಮ?” ಎಂದು ಕೇಳಿದ್ದೆನು. ಇಪ್ಪತ್ತು ವರ್ಷಗಳಲ್ಲಿ ಕೇಳದ ಪ್ರಶ್ನೆಯದು. ಅವಳು ಸ್ವಲ್ಪವೂ ತಡಮಾಡದೆ, “ಗಿಳಿಹಸುರು” ಎಂದಳು. ಚಪ್ಪರದಲ್ಲಿ ಅತ್ತೆಯೂ ಸೊಸೆಯಂತಹ ಮಗಳೂ ಒಬ್ಬರ ಪಕ್ಕದಲ್ಲೊಬ್ಬರು ಕುಳಿತಿದ್ದರು, ಒಬ್ಬಳು ಗಿಳಿಹಸುರಿನಲ್ಲಿ, ಒಬ್ಬಳು ಕೆನೆಬಣ್ಣದಲ್ಲಿ. ಇಬ್ಬರೂ ತಮ್ಮ ತಮ್ಮ ಮಾತನ್ನೇ ಉಟ್ಟಿದ್ದರು.

ನಿಮ್ಮ ಮನೆಯಲ್ಲಿಯೂ ಕೇಳದೆ ಬಿಟ್ಟ ಇಂತಹ ಪ್ರಶ್ನೆಯೊಂದಿದ್ದರೆ ಇಂದೇ ಕೇಳಿರಿ.