ಹಳೆಯ ಪಳ್ಳಿಯ ಮುಖ ಮುಚ್ಚಿದವರು ಯಾರು?

ನಮ್ಮ ಮನೆಯ ಮಕ್ಕಳ ಕೈಗೆ ಕಾಗದ, ಪೆನ್ಸಿಲ್ ಕೊಟ್ಟು "ಒಂದು ಮಸೀದಿಯ ಚಿತ್ರ ಬಿಡಿಸು" ಎಂದರೆ ಏನು ಬಿಡಿಸುತ್ತಾರೆ? ನಡುವೆ ಗುಮ್ಮಟ, ಎರಡು ಬದಿಗೆ ಎರಡು ಮಿನಾರ, ತುದಿಯಲ್ಲಿ ಚಂದ್ರ. ಹಂಚಿನ ಮಾಡು, ಮರದ ಕಂಬ, ಅಗಲ ಜಗಲಿ ಇರುವ ಮಸೀದಿಯನ್ನು ಬಿಡಿಸುವ ಮಗು ಸಿಗುವುದು ಕಷ್ಟ. ಆದರೆ ನಮ್ಮ ಅಜ್ಜಂದಿರು ನಮಾಝ್ ಮಾಡಿದ್ದು ಅಂಥ ಪಳ್ಳಿಗಳಲ್ಲೇ. ಇದರಲ್ಲಿ ಮಗುವಿನ ತಪ್ಪಿಲ್ಲ, ಅದು ಕಂಡದ್ದನ್ನು ಬಿಡಿಸುತ್ತದೆ. ಹಳೆಯದು ಅದರ ಕಣ್ಣಿಗೆ ಬೀಳದ ಹಾಗೆ ಮಾಡಿದವರು ನಾವು.

ಇದು ಬರೀ ಅಂದ ಚೆಂದದ ಪ್ರಶ್ನೆ ಅಂತ ತಿಳಿದಿದ್ದರೆ 2022ರ ಎಪ್ರಿಲ್ ನೆನಪು ಮಾಡಿಕೊಳ್ಳೋಣ. ಮಂಗಳೂರು ತಾಲೂಕಿನ ಮಳಲಿಯಲ್ಲಿ ನವೀಕರಣಕ್ಕಾಗಿ ಮಸೀದಿಯ ಎದುರಿನ ಭಾಗ ಕೆಡವಿದಾಗ ಒಳಗಿದ್ದ ಹಳೆಯ ಮರದ ಕಟ್ಟಡ ಹೊರಗೆ ಕಂಡಿತು. ಅದರ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. "ಇದು ದೇವಸ್ಥಾನದ ಹಾಗೆ ಉಂಟಲ್ಲ" ಎಂಬ ಮಾತು ಎದ್ದಿತು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿಗೆ ಹೋದ ಪ್ರಶ್ನೆ ಅಲ್ಲೇ ಇರಲಿ. ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಕರಾವಳಿಯ ಹಳೆಯ ಮಸೀದಿ ನೋಡಲಿಕ್ಕೆ ಹೇಗಿರುತ್ತದೆ ಎಂಬುದು ಇಷ್ಟು ಜನರಿಗೆ ಯಾಕೆ ಗೊತ್ತಿರಲಿಲ್ಲ?

ಮಳೆಗೆ ಜಾತಿ ಧರ್ಮ ಇಲ್ಲ. ಮೂಡುಬಿದಿರೆಯ ಬಸದಿ, ಊರಿನ ದೇವಸ್ಥಾನ, ಗುತ್ತಿನ ಮನೆ, ನಮ್ಮ ಪಳ್ಳಿ, ಎಲ್ಲಕ್ಕೂ ನೀರು ಜಾರಿ ಹೋಗುವ ಇಳಿಜಾರು ಮಾಡೇ ಬೇಕಿತ್ತು. ಮರವೂ ಈ ನೆಲದ್ದೇ, ಬಡಗಿಯ ಕೈಯೂ ಈ ನೆಲದ್ದೇ. ಮಾಲಿಕ್ ದೀನಾರರ ಪರಂಪರೆಯ ನೆನಪಿರುವ, ಟಿಪ್ಪು ಸುಲ್ತಾನರ ಕಾಲದಲ್ಲಿ ನವೀಕರಣಗೊಂಡ ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗೆ ಹೋದವರಿಗೆ ಆ ಕೆತ್ತನೆಯ ತೇಗದ ಕಂಬಗಳು ಗೊತ್ತು. ಕಲ್ಲಿಕೋಟೆಯ ಮಿಶ್ಕಾಲ್ ಪಳ್ಳಿಯಲ್ಲಿ ಮಾಡಿನ ಮೇಲೆ ಮಾಡು, ಅಂತಸ್ತಿನ ಮೇಲೆ ಅಂತಸ್ತು. ಅಲ್ಲಿ ಮಿನಾರವೂ ಇಲ್ಲ, ಗುಮ್ಮಟವೂ ಇಲ್ಲ. 1510ರಲ್ಲಿ ಪೋರ್ಚುಗೀಸರು ಅದಕ್ಕೆ ಬೆಂಕಿ ಹಚ್ಚಿದರು. ಮಿನಾರ ಇಲ್ಲ ಅಂತ ಅವರಿಗೇನೂ ಅದು ಮಸೀದಿ ಎಂದು ಗುರುತು ಸಿಗದೆ ಹೋಗಲಿಲ್ಲ!

ಗಲ್ಫಿನ ದುಡಿಮೆ ಊರಿಗೆ ಬಂದ ಮೇಲೆ ನಮ್ಮ ಜಮಾಅತ್‌ಗಳ ಕೈಯಲ್ಲೂ ನಾಲ್ಕು ಕಾಸು ಓಡಾಡಿತು. ಜನ ಹೆಚ್ಚಾದರು, ಶುಕ್ರವಾರ ಜಾಗ ಸಾಲದೆ ರಸ್ತೆಯವರೆಗೆ ಸಫ್ ನಿಂತಿತು. "ಹಳೇ ಮಾಡು ಸೋರ್ತದೆ, ಗೆದ್ದಲು ಹಿಡಿದಿದೆ, ನೋಡ್ಲಿಕ್ಕಾದ್ರೂ ಮಸೀದಿ ಹಾಗೆ ಕಾಣ್ಬೇಕಲ್ಲ" ಎಂದರು ಹಿರಿಯರು. ಅವರ ಉದ್ದೇಶ ಒಳ್ಳೆಯದೇ. ಆದರೆ ಎಷ್ಟೋ ಊರುಗಳಲ್ಲಿ ವಿಸ್ತರಣೆ ಎಂದರೆ ಹಳೆಯ ಕಟ್ಟಡದ ಎದುರಿಗೇ ಎರಡು ಮಾಳಿಗೆಯ ಕಾಂಕ್ರೀಟ್ ಎದ್ದು ನಿಲ್ಲುವುದು ಎಂದಾಯಿತು.

ಕಣ್ಣು ಕಟ್ಟಡವನ್ನು ಹೇಗೆ ನೋಡುತ್ತದೆ ಎಂಬುದನ್ನು ಸ್ವಲ್ಪ ಗಮನಿಸೋಣ. ದೂರದಿಂದ ಬರುವವನಿಗೆ ಮೊದಲು ಕಾಣುವುದು ಆಕಾಶಕ್ಕೆ ಎದುರಾಗಿ ನಿಂತ ಮಾಡಿನ ಗೆರೆ. ಆಮೇಲೆ ಎತ್ತರ, ಆಮೇಲೆ ಬಣ್ಣ. ಕೆತ್ತನೆ ಕಾಣುವುದು ಹತ್ತಿರ ಹೋದ ಮೇಲೆಯೇ. ಹಾಗಾಗಿ ತಗ್ಗಿನ ಹಂಚಿನ ಮಾಡಿನ ಎದುರು ಎತ್ತರದ ಮಿನಾರ ನಿಲ್ಲಿಸಿ, ಅದಕ್ಕೆ ಕಡು ಹಸಿರು ಬಳಿದರೆ, ಒಳಗೆ ಎಷ್ಟೇ ಒಳ್ಳೆಯ ಮರದ ಕೆಲಸ ಇದ್ದರೂ ನೋಡುವವನ ಮಟ್ಟಿಗೆ ಅದು ಇಲ್ಲ. ಇಪ್ಪತ್ತು ಮೂವತ್ತು ವರ್ಷ ಹಾಗೇ ಕಳೆದರೆ ಹೊಸದೇ ಹಳೆಯದು ಎನಿಸಿಬಿಡುತ್ತದೆ. ನಿಜವಾದ ಹಳೆಯದು ಒಂದು ದಿನ ಹೊರಗೆ ಬಂದಾಗ ಬೇರೆಯವರಿಗೆ ಮಾತ್ರ ಅಲ್ಲ, ನಮ್ಮ ಮಕ್ಕಳಿಗೂ ಅದು ಅಪರಿಚಿತ.

ಹಾಗಾದರೆ ಹೊಸದು ಬೇಡವೇ? ಬೇಕು. ನಾವು ಹಳೆಯದೆಂದು ಪ್ರೀತಿಸುವ ಮಂಗಳೂರು ಹಂಚು ಕೂಡ ಒಂದು ಕಾಲಕ್ಕೆ ಹೊಸದೇ. ಬಾಸೆಲ್ ಮಿಷನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕಿಂತ ಹಳೆಯ ಕಟ್ಟಡಗಳ ಮೇಲೆ ಆ ಹಂಚು ಬಂದು ಕೂತಾಗ ಯಾರ ಕಣ್ಣಿಗೂ ಚುಚ್ಚಲಿಲ್ಲ, ಯಾಕೆಂದರೆ ಅದು ಮಾಡಿನ ಇಳಿಜಾರನ್ನು ಕೆಡಿಸಲಿಲ್ಲ.

ಉಮ್ರಾಕ್ಕೆ ಹೋಗಿ ಬಂದವರು ಮಸ್ಜಿದುನ್ನಬವಿಯನ್ನು ನೆನಪಿಸಿಕೊಳ್ಳಲಿ. ಕಿಬ್ಲಾದ ಕಡೆಯ ಹಳೆಯ ಭಾಗ 19ನೇ ಶತಮಾನದ್ದು, ಉಸ್ಮಾನಿಯಾ ಸುಲ್ತಾನ್ ಅಬ್ದುಲ್ ಮಜೀದರ ಕಾಲದ್ದು. ಅಲ್ಲಿ ಸಣ್ಣ ಸಣ್ಣ ಗುಮ್ಮಟಗಳ ಸಾಲು. ಅದನ್ನು ದಾಟಿದರೆ ಸೌದಿ ಕಾಲದ ವಿಶಾಲ ಹಜಾರಗಳು. ಎರಡರ ನಡುವೆ ವ್ಯತ್ಯಾಸ ಉಂಟೆಂದು ಯಾರೂ ಹೇಳಿಕೊಡಬೇಕಾಗಿಲ್ಲ, ಕಾಲಿಟ್ಟ ಕೂಡಲೇ ತಿಳಿಯುತ್ತದೆ. ಆದರೂ ಜಗಳ ಇಲ್ಲ. ನಡುವಿನ ತೆರೆದ ಅಂಗಳಗಳ 12 ಕೊಡೆಗಳಂತೂ ಅಪ್ಪಟ ಇಂದಿನ ಯಂತ್ರ. ಬಿಸಿಲಿಗೆ ಬಿಚ್ಚಿಕೊಂಡು ನೆರಳು ಕೊಡುತ್ತವೆ, ಮಡಚಿದಾಗ ತೆಳ್ಳಗಿನ ಕಂಬದ ಹಾಗೆ ಸುಮ್ಮನೆ ನಿಲ್ಲುತ್ತವೆ. ಹಳೆಯ ಗೋಡೆಗೆ ತಾಗುವುದಿಲ್ಲ, ಅದನ್ನು ಮರೆ ಮಾಡುವುದೂ ಇಲ್ಲ.

ಹತ್ತಿರದ ಉದಾಹರಣೆ ಬೇಕಿದ್ದರೆ ಕೇರಳದ ಕೊಡುಂಗಲ್ಲೂರಿನ ಚೇರಮಾನ್ ಜುಮಾ ಮಸೀದಿ ಇದೆ. ಅಲ್ಲಿಯೂ ಜಾಗ ಸಾಲದೆ ಎಪ್ಪತ್ತರ ದಶಕದಿಂದ ಕಾಂಕ್ರೀಟ್ ಬೆಳೆದು ಹಳೆಯ ಪಳ್ಳಿ ಅಡಗಿ ಹೋಗಿತ್ತು. ಈಚಿನ ವರ್ಷಗಳಲ್ಲಿ ಮುಝಿರಿಸ್ ಪಾರಂಪರಿಕ ಯೋಜನೆಯಡಿ ಆ ಸೇರ್ಪಡೆಗಳನ್ನು ತೆಗೆದು, ಹಂಚಿನ ಮಾಡಿನ ಹಳೆಯ ರೂಪವನ್ನು ಮತ್ತೆ ಹೊರಗೆ ತಂದರು. ಜನರಿಗೆ ಜಾಗ ಎಲ್ಲಿ? ನೆಲದಡಿಯಲ್ಲಿ ನಮಾಝ್ ಹಾಲ್ ಕಟ್ಟಿದರು. ಜಮಾಅತ್‌ನ ಅಗತ್ಯವೂ ಪೂರೈಸಿತು, ಹಳೆಯ ಮುಖವೂ ಉಳಿಯಿತು.

ಸ್ಮಾರಕಗಳ ರಕ್ಷಣೆಯ ಬಗ್ಗೆ 1964ರಲ್ಲಿ ವೆನಿಸ್‌ನಲ್ಲಿ ರೂಪಿಸಿದ ಸನ್ನದಿನ ಸಾರವೂ ಹೆಚ್ಚುಕಡಿಮೆ ಇದೇ: ಹೊಸದಾಗಿ ಸೇರಿಸಿದ್ದು ಹಳೆಯದರ ಜೊತೆ ಹೊಂದಬೇಕು, ಆದರೆ ಹಳೆಯದೆಂದು ಸುಳ್ಳು ಹೇಳಬಾರದು. ಕಾಂಕ್ರೀಟ್ ಕಂಬಕ್ಕೆ ಮರದ ಬಣ್ಣ ಬಳಿಯುವುದೂ ತಪ್ಪು, ಮರದ ಕಂಬಕ್ಕೆ ಟೈಲ್ಸ್ ಹಚ್ಚುವುದೂ ತಪ್ಪು.

ನಮ್ಮ ಜಮಾಅತ್ ಸಮಿತಿಗಳ ಮುಂದೆ ನಾಲ್ಕು ಮಾತು ಇಡುತ್ತೇವೆ. ಒಂದು, ಕೆಡವುವ ಮುಂಚೆ ಒಳಗೂ ಹೊರಗೂ ಫೋಟೊ ತೆಗೆದು, ಅಳತೆ ಬರೆದು, ವಕ್ಫ್ ಕಾಗದಗಳ ಜೊತೆ ಜೋಪಾನ ಮಾಡಿ. ಎರಡು, ಹೊಸ ಕಟ್ಟಡ ಹಿಂದೆ ಅಥವಾ ಬದಿಗೆ ಬರಲಿ, ಹಳೆಯ ಮಾಡಿಗಿಂತ ಎತ್ತರ ಬೇಡ, ನಡುವೆ ನಾಲ್ಕು ಹೆಜ್ಜೆ ಜಾಗ ಬಿಡಿ. ಮೂರು, ಗೆದ್ದಲು ಹಿಡಿದ ಒಂದು ತೊಲೆ ಬದಲಿಸಲಿಕ್ಕೆ ಇಡೀ ಮಾಡು ಇಳಿಸಬೇಡಿ, ಮರದ ಕೆಲಸ ಬಲ್ಲ ಬಡಗಿಯನ್ನು ಕರೆದು ಕೇಳಿ. ನಾಲ್ಕು, ತೆಗೆಯಲೇಬೇಕಾದ ಕೆತ್ತನೆಯ ಮರವನ್ನು ಗುಜರಿಗೆ ಕೊಡಬೇಡಿ.

ಖರ್ಚು ಜಾಸ್ತಿ ಆಗ್ತದೆ ಎನ್ನುವವರಿದ್ದಾರೆ. ಕೆಲವು ಕಡೆ ಆಗಬಹುದು. ಆದರೆ ಎರಡು ಮಿನಾರ ಎಬ್ಬಿಸುವ ದುಡ್ಡಿನಲ್ಲಿ ಹಳೆಯ ಮಾಡಿನ ಎಷ್ಟು ತೊಲೆ ಬದಲಿಸಬಹುದು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಇನ್ನು ಕೆಲವರು "ನಮಾಝ್ ಎಲ್ಲಿ ಮಾಡಿದರೂ ನಮಾಝೇ ಅಲ್ವಾ" ಎನ್ನುತ್ತಾರೆ. ಹೌದು, ಕಟ್ಟಡದಿಂದ ಇಬಾದತ್ ಹೆಚ್ಚುವುದೂ ಇಲ್ಲ, ಕಮ್ಮಿಯಾಗುವುದೂ ಇಲ್ಲ. ಆದರೆ ಈ ಮಣ್ಣಿನಲ್ಲಿ ನಾವು ಎಷ್ಟು ಕಾಲದಿಂದ ಇದ್ದೇವೆ, ನೆರೆಹೊರೆಯವರ ಜೊತೆ ಒಂದೇ ಮಳೆಗೆ ಒಂದೇ ರೀತಿಯ ಮಾಡು ಕಟ್ಟಿಕೊಂಡು ಹೇಗೆ ಬದುಕಿದ್ದೇವೆ ಎಂಬುದಕ್ಕೆ ಆ ಕಟ್ಟಡಗಳು ಕಣ್ಣೆದುರಿನ ಸಾಕ್ಷಿ. ಸಾಕ್ಷಿಯನ್ನು ನಾವೇ ಗೋಡೆ ಕಟ್ಟಿ ಮುಚ್ಚಿದರೆ, ನಾಳೆ ನಮ್ಮ ಪರವಾಗಿ ಮಾತನಾಡಲು ಅದನ್ನು ಕರೆಯುವುದು ಹೇಗೆ?

ಮುಂದಿನ ಜುಮುಅ ಮುಗಿದ ಮೇಲೆ ಮಕ್ಕಳ ಕೈ ಹಿಡಿದು ಪಳ್ಳಿಗೆ ಒಂದು ಸುತ್ತು ಹಾಕಿ. ಹಳೆಯ ಕಂಬ, ಹಳೆಯ ಬಾಗಿಲು, ಹಳೆಯ ಹೌಳ್ ಏನಾದರೂ ಉಳಿದಿದ್ದರೆ ತೋರಿಸಿ. "ಇದು ನಿನ್ನ ಅಜ್ಜನ ಅಜ್ಜ ನಮಾಝ್ ಮಾಡಿದ ಜಾಗ" ಎನ್ನಿ. ಆಮೇಲೆ ಚಿತ್ರ ಬಿಡಿಸಲು ಹೇಳಿ.