ಸಂಡೂರಿನ ಮಣ್ಣು, ನಮ್ಮ ರಕ್ತ

ಮಕ್ಕಳೇ, ಶರ್ಕರಪಿಷ್ಟ, ಕೊಬ್ಬು, ಪ್ರೋಟೀನು, ನ್ಯೂಕ್ಲಿಯಿಕ್ ಆಮ್ಲ ಎಂದು ನಿಮ್ಮ ವಿಜ್ಞಾನ ಪುಸ್ತಕದಲ್ಲಿದೆಯಲ್ಲ, ಜೀವಿಗಳ ಮೈ ಕಟ್ಟುವ ಮುಖ್ಯ ಅಣುಗಳು ಇವೇ. ನಾನು ಓದಿದ್ದು ಬಿ.ಕಾಂ., ಸವೆಸಿದ್ದು ಬ್ಯಾಂಕಿನ ಲೆಡ್ಜರು. ಹಾಗಾಗಿ ನನ್ನ ಲೆಕ್ಕದಲ್ಲೇ ಹೇಳುತ್ತೇನೆ.

ಕಂಪ್ಲಿಯ ಅಕ್ಕಿಯಲ್ಲಿರುವ ಪಿಷ್ಟವೆಂದರೆ ಗ್ಲೂಕೋಸಿನ ಉದ್ದನೆಯ ಸರ. ಒಂದು ತುತ್ತು ಬರೀ ಅನ್ನವನ್ನು ನುಂಗದೆ ಎರಡು ನಿಮಿಷ ಅಗಿದು ನೋಡಿ, ಸಿಹಿಯಾಗುತ್ತದೆ. ಜೊಲ್ಲು ಆ ಸರವನ್ನು ಕತ್ತರಿಸಿ ಚಿಲ್ಲರೆ ಮಾಡಿಕೊಡುತ್ತದೆ. ಹೊಸಪೇಟೆಯ ಕಬ್ಬಿನಲ್ಲಿ ಅದು ಮೊದಲೇ ಚಿಲ್ಲರೆ. ಇದೆಲ್ಲ ಕೈಖರ್ಚಿನ ಹಣ. ಕೊಬ್ಬು ಫಿಕ್ಸೆಡ್ ಡಿಪಾಸಿಟ್: ಒಂದು ಗ್ರಾಂ ಪಿಷ್ಟ 4 ಕಿಲೋಕ್ಯಾಲರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ. (ಅಜ್ಜಂದಿರೇ, ನಮ್ಮ ಹೊಟ್ಟೆಯ ಡಿಪಾಸಿಟ್ ಯಾಕೆ ಬೇಗ ಕರಗುವುದಿಲ್ಲವೆಂದು ತಿಳಿಯಿತೇ?)

ಪ್ರೋಟೀನೂ ಸರವೇ, ಆದರೆ ಮಣಿಗಳು 20 ಬಗೆ. ರಕ್ತದ ಹಿಮೋಗ್ಲೋಬಿನ್‌ನಲ್ಲಿ 4 ಸರ, ಒಟ್ಟು 574 ಮಣಿ. ಯಾವ ಮಣಿಯ ಪಕ್ಕ ಯಾವುದು ಎಂದು ಬರೆದಿಟ್ಟ ಲೆಡ್ಜರೇ ಡಿಎನ್‌ಎ. ಅದಕ್ಕೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಹಂಪಿಯ ಬಾಳೆಗೂ ದರೋಜಿಯ ಕರಡಿಗೂ ನಿಮಗೂ ಅವೇ ನಾಲ್ಕು.

ಆ 4 ಸರಗಳಲ್ಲಿ 4 ಕಬ್ಬಿಣದ ಪರಮಾಣುಗಳು ಕೂತಿವೆ. ಶ್ವಾಸಕೋಶದಲ್ಲಿ ಆಮ್ಲಜನಕ ಹಿಡಿದು ಮೈಗೆಲ್ಲ ಹಂಚಲು ಆ ಕಬ್ಬಿಣ ಬೇಕು. ಸಂಡೂರಿನ ಗುಡ್ಡ ಕೆಂಪಾಗಿರುವುದೂ ಕಬ್ಬಿಣದಿಂದಲೇ. ಅಲ್ಲಿಯ ಅದಿರು ಹೆಮಟೈಟ್. ಹೆಸರು ಬಂದದ್ದು ರಕ್ತ ಎಂಬರ್ಥದ ಗ್ರೀಕ್ ಪದದಿಂದ. ಹಿಮೋಗ್ಲೋಬಿನ್‌ನ ಮೊದಲ ಅರ್ಧವೂ ಅದೇ ಪದ.

"ಹಾಗಾದರೆ ಸಂಡೂರಿನ ಮಣ್ಣು ತಿಂದರಾಯಿತಲ್ಲ ತಾತ?" ಅಂದಳು ನನ್ನ ಮೊಮ್ಮಗಳು. ಆಗದು ಕಣಮ್ಮ. ಅದಿರಿನ ಕಬ್ಬಿಣ ಹೊಟ್ಟೆಯಲ್ಲಿ ಕರಗಿ ರಕ್ತ ಸೇರುವುದು ತೀರಾ ಕಡಿಮೆ. ಮಣ್ಣಿನ ಜೊತೆ ಹೊಟ್ಟೆಹುಳ ಬಂದರೆ ಇದ್ದ ರಕ್ತಕ್ಕೂ ಸಂಚಕಾರ.

ಅವಳು ಕೇಳಿದ್ದು ತಮಾಷೆಗಲ್ಲ. ಹೋದ ವರ್ಷ ಅವಳ ಹಿಮೋಗ್ಲೋಬಿನ್ ಡೆಸಿಲೀಟರಿಗೆ 9 ಗ್ರಾಂ ಇತ್ತು. 12 ತುಂಬಿದ ಹುಡುಗಿಗೆ ಕನಿಷ್ಠ 12 ಇರಬೇಕು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ದೊಡ್ಡವರ ಇಡೀ ಮೈಯಲ್ಲಿರುವ ಕಬ್ಬಿಣವೇ 3-4 ಗ್ರಾಂ. ಮನೆ ಮುಂದೆ ಲಾರಿಗಟ್ಟಲೆ ಅದಿರು ಹೋಗುವ ಊರಿನಲ್ಲಿ ಮಗುವಿಗೆ ಅಷ್ಟೂ ಇಲ್ಲ!

ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ಹೂಕುಂಡ ಸೇರುತ್ತಿದ್ದದ್ದನ್ನು ಪತ್ತೆ ಮಾಡಿದವಳು ಅವಳ ಅಜ್ಜಿ. ಬೈಯಲಿಲ್ಲ, ಎದುರಿಗೆ ಕೂತು ನುಂಗಿಸಿದಳು. ನುಗ್ಗೆಸೊಪ್ಪು, ಹುರುಳಿಕಾಳಿನ ಸಾರಿಗೆ ನಿಂಬೆಹುಳಿ ಹಿಂಡಿದಳು, ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಒಳಸೇರುತ್ತದೆ. ಊಟದ ಹಿಂದೆಯೇ ಕುಡಿಯುವ ಚಹಾ ಅದನ್ನು ತಡೆಯುತ್ತದೆಂದು ಗೊತ್ತಾದ ಮೇಲೆ ಚಹಾ ಬಂದ್, ನನಗೂ ಸೇರಿ. ಮೊನ್ನೆ ಪರೀಕ್ಷೆ ಮಾಡಿಸಿದಾಗ 11 ಬಂತು. ಇನ್ನೂ ಒಂದು ಬಾಕಿ.